ಬಿಕ್ಕಳಿಕೆಯ ಮೂರನೇ ಸಂಪುಟ

ಬೆಳಗಿನ ಕಾಫಿಗೂ ಮೊದಲು ಒಂದು ಪುಟ. ಇದು ಸಿದೋನಿ ಕಝಾಲಿಯ ನೇಮ. ಎದ್ದು ಮುಖ ತೊಳೆದು, ಕಿಟಕಿಯ ಮರದ ಬಾಗಿಲುಗಳನ್ನು ಹೊರಕ್ಕೆ ತಳ್ಳಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಅಡುಗೆಮನೆಯ ಮೇಜಿಗೆ ಬಂದು ಕೂರುವಳು. ಮೇಜಿನ ಖಾನೆಯಲ್ಲಿ ಹಲ್ಲಿನ ಡಾಕ್ಟರು ಬಾಯೊಳಗೆ ಇಳಿಬಿಡುತ್ತಾರಲ್ಲ, ಆ ಪುಟ್ಟ ದುಂಡುಗನ್ನಡಿ ಇರುತ್ತದೆ. ಅದಕ್ಕೆ ಹಾ ಎಂದು ಉಸಿರು ಊದಿ, ಅಂಗಿಯ ತೋಳಿಗೆ ಒರೆಸುವಳು. ಆಮೇಲೆ ಪುಸ್ತಕದ ಒಂದು ಮಡಿಕೆಯನ್ನು ಎಡಗೈ ಬೆರಳಿಂದ ಮೆಲ್ಲಗೆ ಉಬ್ಬಿಸಿ, ಅದರ ಹೊಟ್ಟೆಯೊಳಗೆ ಕನ್ನಡಿ ತೂರಿಸಿ, ಒಂದು ಕಣ್ಣು ಮುಚ್ಚಿ ಓದತೊಡಗುವಳು. ಅಕ್ಷರಗಳೆಲ್ಲ ತಿರುಗುಮುರುಗಾಗಿ ಕಾಣುತ್ತವೆ. ಅದು ಅವಳಿಗೆ ಎಂದೋ ಅಭ್ಯಾಸವಾಗಿ ಹೋಗಿತ್ತು. ಜ್ವರ ಬಂದರೂ ಈ ನೇಮ ತಪ್ಪದು, ಈಸ್ಟರ್ ಹಬ್ಬಕ್ಕೂ ತಪ್ಪದು. ತಂಗಿ ತೀರಿಕೊಂಡ ದಿನ ಮಾತ್ರ ಅರ್ಧ ಪುಟಕ್ಕೇ ಕಣ್ಣು ಮಂಜಾಯಿತು. ಉಳಿದರ್ಧವನ್ನು ಸಂಜೆ ಓದಿ ಮುಗಿಸಿದಳು.

ಫ್ರಾನ್ಸಿನ ಮೊಂಪೆಲಿಯೆ ಊರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಬಳಿ ಅವಳು ಮೂವತ್ತೊಂದು ವರ್ಷ ಕೆಲಸಕ್ಕಿದ್ದಳು. ಹತ್ತಿ ಕೊಡುವುದು, ದೀಪ ಹಿಡಿಯುವುದು, ಬಾಯಿ ಮುಕ್ಕಳಿಸುವ ಲೋಟ ಚಾಚುವುದು. ಹಲ್ಲು ತೋರಿಸಲು ಬರುವ ಜನಕ್ಕೊಂದು ವಿಚಿತ್ರ ಗುಣ. ಕುರ್ಚಿಯ ಮೇಲೆ ಒರಗಿ, ಬಾಯಿ ತುಂಬ ಹತ್ತಿ ತುರುಕಿಸಿಕೊಂಡ ಮೇಲೆಯೇ ಅವರಿಗೆ ಹೇಳಬೇಕಾದ ಕತೆ ನೆನಪಾಗುವುದು. "ಆ ಊ" ಎಂದು ಏನೋ ಶುರುಮಾಡುತ್ತಾರೆ, ಡಾಕ್ಟರು "ಹೂಂ ಹೂಂ" ಎನ್ನುತ್ತ ಕೊರೆಯುತ್ತಾರೆ, ಕೊನೆಗೆ ಕೈ ತೊಳೆದು ಮುಂದಿನವರನ್ನು ಕರೆಯುತ್ತಾರೆ. ಸಿದೋನಿ ಮಾತ್ರ ಲೋಟ ಹಿಡಿದು ನಿಂತು, ಅವರು ಉಗುಳಿದ ಮೇಲೆ ಕೇಳುವಳು: "ಆಗ ನಿಮ್ಮತ್ತೆ ಏನಂದ್ರು?" ಜನ ಬೆರಗಾಗುತ್ತಿದ್ದರು. ಊರಿನ ಅರ್ಧದಷ್ಟು ಮಂದಿ ತಮ್ಮ ಅತ್ತೆಯ ಕತೆಯನ್ನು ಪೂರ್ತಿ ಹೇಳಿದ್ದು ಅವಳೊಬ್ಬಳಿಗೇ.

ಕೆಲಸ ಬಿಡುವಾಗ ಡಾಕ್ಟರು ಏನಾದರೂ ನೆನಪಿಗೆ ಕೊಡುತ್ತೇನೆಂದರು. ಅವಳು ಕೇಳಿದ್ದು ಒಂದು ಹಳೆಯ ಕನ್ನಡಿ.

ಅದಕ್ಕೆ ಕಾರಣವಿತ್ತು. ಶನಿವಾರದ ಪುಸ್ತಕದ ಸಂತೆಯಲ್ಲಿ, ಅಗಲ ಎಲೆಯ ಪ್ಲೇನ್ ಮರದ ನೆರಳಲ್ಲಿ ಗಾಸ್ತೋನ್ ರುವಿಯೆ ಎನ್ನುವವನು ಅಂಗಡಿ ಹಾಕುತ್ತಿದ್ದ. ಅವಳಷ್ಟೇ ವಯಸ್ಸು, ಹುಬ್ಬು ಮಾತ್ರ ಇಬ್ಬರಿಗಾಗುವಷ್ಟು. ಅವನಿಂದ ಅವಳು ಕೊಂಡ ಮೊದಲ ಪುಸ್ತಕ ನೂರೈವತ್ತು ವರ್ಷ ಹಿಂದಿನದು, ಜಿಗಣೆ ಸಾಕಣೆಯ ಬಗ್ಗೆ. ಆ ಕಾಲದಲ್ಲಿ ಪುಸ್ತಕಗಳನ್ನು ಮಡಿಕೆ ಬಿಡಿಸದೆಯೇ ಮಾರುತ್ತಿದ್ದರು. ಓದುವವನೇ ಚಾಕು ಹಿಡಿದು ಹಾಳೆ ಸೀಳಿಕೊಳ್ಳಬೇಕು. ಸಿದೋನಿ ಹಾಗೆಯೇ ಮಾಡಿದಳು. ಬದನೆಕಾಯಿ ಹೆಚ್ಚುವ ಚಾಕುವಿನಿಂದ ಪಟಪಟನೆ ಸೀಳಿ, ಒಂದೇ ವಾರದಲ್ಲಿ ಓದಿ, ಮುಂದಿನ ಶನಿವಾರ ಹೆಮ್ಮೆಯಿಂದ ಅವನ ಮುಂದೆ ಹಿಡಿದಳು.

ಗಾಸ್ತೋನ್ ಎದೆ ಹಿಡಿದುಕೊಂಡು ಪೆಟ್ಟಿಗೆಯ ಮೇಲೆ ಕೂತುಬಿಟ್ಟ. "ಅಯ್ಯೋ ಪಾಪಿ! ಏನ್ ಮಾಡಿಬಿಟ್ಟೆ?"

"ಓದಿದೆ."

"ಓದೋದಕ್ಕೆ ಯಾರು ಹೇಳಿದ್ರು ನಿನಗೆ? ನೂರೈವತ್ತು ವರ್ಷದಿಂದ ಒಬ್ಬನೂ ಸೀಳದೆ ಕಾಪಾಡಿಕೊಂಡು ಬಂದ ಮಾಲು ಇದು! ಕನ್ಯೆ ಥರ ಇತ್ತು. ಈಗ ನೋಡು, ಆಡು ಮೇಯ್ದ ಕೋಸಿನ ಹಾಗಿದೆ!"

"ಒಬ್ಬನೂ ಸೀಳಿಲ್ಲ ಅಂದ್ರೆ?"

"ಒಬ್ಬನೂ ಓದಿಲ್ಲ ಅಂತ. ಅದಕ್ಕೇ ಬೆಲೆ."

ಸಿದೋನಿ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದಳು. ಒಬ್ಬ ಮನುಷ್ಯ ದೀಪದ ಮುಂದೆ ಕೂತು ನಾನೂರು ಪುಟ ಬರೆದು, ಅಚ್ಚು ಹಾಕಿಸಿ, ಯಾರಾದರೂ ಕೇಳಲಿ ಎಂದು ಬಾಯಿ ತೆರೆದಿದ್ದಾನೆ. ನೂರೈವತ್ತು ವರ್ಷ ಆದರೂ ಒಬ್ಬರೂ ಲೋಟ ಹಿಡಿದು "ಆಗ?" ಎಂದಿಲ್ಲ. ಅವಳಿಗೆ ಅದನ್ನು ಸಹಿಸಲಾಗಲಿಲ್ಲ. ಪುಸ್ತಕವನ್ನು ಕೆಡಿಸಲೂ ಬಾರದು, ಬರೆದವನನ್ನು ಕೇಳದೆ ಬಿಡಲೂ ಬಾರದು. ಮೂರು ದಿನ ಯೋಚಿಸಿದಳು. ನಾಲ್ಕನೆಯ ದಿನ ಹಲ್ಲಿನ ಕನ್ನಡಿ ಹೊಳೆಯಿತು.

ಅಂದಿನಿಂದ ಅವಳು ಕೂಡಿಸಿದ್ದೆಲ್ಲ ಆ ಕಾಲದ ಫ್ರೆಂಚ್ ವೈದ್ಯರ, ವಿಜ್ಞಾನಿಗಳ ಸೀಳದ ಪುಸ್ತಕಗಳು. ಹೆಸರಾಂತವರದು ಅವಳಿಗೆ ಬೇಡ. ಅವರ ಮಾತು ಕೇಳಲು ಜನವಿದ್ದಾರೆ. ಬಲೂನು ಏರಿದವರ ಮೂಗಿನಲ್ಲಿ ರಕ್ತ ಬರುವುದೇಕೆ, ಗಂಟುನೋವಿಗೆ ಬಿಸಿನೀರಿನ ಬುಗ್ಗೆ ಒಳ್ಳೆಯದೋ ಕೆಟ್ಟದ್ದೋ, ಸೂಲಗಿತ್ತಿಯರು ವೈನ್ ಕುಡಿಯಬಹುದೇ, ಹೀಗೆ ಇನ್ನೂರು ಚಿಲ್ಲರೆ ಪುಸ್ತಕಗಳು ಎರಡು ಕೋಣೆಯಲ್ಲಿ ತುಂಬಿ, ಸ್ನಾನದ ತೊಟ್ಟಿಯವರೆಗೆ ಬಂದು ನಿಂತಿದ್ದವು.

ಅವುಗಳಲ್ಲೆಲ್ಲ ಅವಳ ಪ್ರಾಣ ಒಂದರಲ್ಲೇ. ಹಳ್ಳಿಯ ಡಾಕ್ಟರ್ ಕಾಸಿಮಿರ್ ವೆರ್ದಾಲ್ ಬರೆದ ಬಿಕ್ಕಳಿಕೆಯ ಸಮಗ್ರ ವಿಚಾರ. ಒಟ್ಟು ಮೂರು ಸಂಪುಟ. ಅವಳ ಬಳಿ ಇದ್ದದ್ದು ಎರಡು.

ವೆರ್ದಾಲ್ ಎಂಥ ಮನುಷ್ಯ ಅನ್ನುತ್ತೀರಿ! ಬಿಕ್ಕಳಿಸುವವರನ್ನು ಹುಡುಕಿಕೊಂಡು ಕತ್ತೆಯ ಮೇಲೆ ಊರೂರು ತಿರುಗಿದವನು. ನೂರ ಹದಿನೇಳು ಪ್ರಕರಣಗಳನ್ನು ಎಣಿಸಿ ಬರೆದಿದ್ದ. ಒಬ್ಬ ದಸ್ತಾವೇಜು ಬರೆಯುವವನಿಗೆ ಉಯಿಲು ಓದುವಾಗ ಮಾತ್ರ ಬಿಕ್ಕಳಿಕೆ. ಅದೂ ಸರಿಯಾಗಿ ವಾರಸುದಾರನ ಹೆಸರು ಬರುವಲ್ಲಿ. ಒಬ್ಬ ರೊಟ್ಟಿಯವನನ್ನು ಕಾಲು ಮೇಲಾಗಿ ನೇತುಹಾಕಿ ನೋಡಿದರು. ಅವನು ತಲೆಕೆಳಗಾಗಿಯೇ ಬಿಕ್ಕಳಿಸಿದ. ಕೊನೆಯ ಪ್ರಕರಣ ಲೊದೇವ್ ಊರಿನ ಗಂಟೆ ಬಾರಿಸುವವನ ಮಗಳು ಫಿಲೋಮೆನ್‌ಳದು. ಒಂಬತ್ತು ವರ್ಷದಿಂದ ಹಗಲೆಲ್ಲ ಬಿಕ್ಕಳಿಕೆ. ಮದುವೆಯ ಮಾತೇ ಇಲ್ಲ. ಹೀಗಿರುವಾಗ ಒಬ್ಬ ನೇಕಾರ, "ನನ್ನ ಮಗ್ಗದ ಸದ್ದಿಗಿಂತ ಇವಳ ಸದ್ದು ಮೆತ್ತಗಿದೆ, ನಾನು ಮಾಡಿಕೊಳ್ಳುತ್ತೇನೆ" ಎಂದು ಮುಂದೆ ಬಂದ. ಮದುವೆಯ ದಿನ ಇಡೀ ಊರು ಇಗರ್ಜಿಯಲ್ಲಿ ಕಿವಿ ನಿಮಿರಿಸಿ ಕೂತಿದೆ. ಪಾದ್ರಿ ಕೇಳಿದರು: "ಇವನು ನಿನಗೆ ಒಪ್ಪಿಗೆಯೇ?" ಫಿಲೋಮೆನ್ ಬಾಯಿ ತೆರೆದಳು. ಆಗ

ಅಷ್ಟೇ. ಎರಡನೇ ಸಂಪುಟ ಅಲ್ಲಿಗೆ ಮುಗಿಯಿತು. ಹಾಳೆ ತುಂಬಿತೆಂದು ಅಚ್ಚಿನವನು ವಾಕ್ಯದ ನಡುವೆಯೇ ಸಂಪುಟ ಕಟ್ಟಿಬಿಟ್ಟಿದ್ದ.

ಹನ್ನೊಂದು ವರ್ಷದಿಂದ ಫಿಲೋಮೆನ್ ಸಿದೋನಿಯ ಅಡುಗೆಮನೆಯಲ್ಲಿ ಬಾಯಿ ತೆರೆದು ನಿಂತಿದ್ದಳು. ಎರಡು ಸಂಪುಟ ಮುಗಿಯಲು ಎರಡು ವರ್ಷ ಹಿಡಿಯುತ್ತದೆ. ಮುಗಿದ ಮಾರನೆಯ ಬೆಳಿಗ್ಗೆ ಸಿದೋನಿ ಮೊದಲ ಪುಟಕ್ಕೆ ಹೋಗುವಳು, ಮೂರನೆಯದು ಸಿಗುವ ತನಕ ಇನ್ನೇನು ಮಾಡಲಿ ಎಂದು. ಹೀಗೆ ಆರು ಸುತ್ತು ಮುಗಿಸಿ ಏಳನೆಯದನ್ನು ಹಿಡಿದಿದ್ದಳು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಆಂತ್ವಾನ್‌ನಿಗೆ ಮಂಗಳವಾರ ಮಂಗಳವಾರ ಒಂದು ಮೇಣದಬತ್ತಿ. ಅವಳ ವಯಸ್ಸೀಗ ಎಪ್ಪತ್ತನಾಲ್ಕು.

ಒಂದು ಶನಿವಾರ ಗಾಸ್ತೋನ್ ದೂರದಿಂದಲೇ ಟೋಪಿ ಬೀಸಿದ.

"ಸಿದೋನಿ! ಬಾ ಬಾ. ಮೊದಲು ಕೂತ್ಕೋ."

"ಯಾಕೆ, ಯಾರಾದ್ರೂ ಸತ್ರಾ?"

"ಸತ್ತಿದ್ದಾನೆ. ಗಾಂಜ್ ಊರಿನ ಒಬ್ಬ ಮುದಿ ಡಾಕ್ಟರು. ಅವನ ಪುಸ್ತಕ ಎಲ್ಲ ಗುರುವಾರ ಹರಾಜು. ಪಟ್ಟಿ ನೋಡು. ಎಂಬತ್ತೆಂಟನೇ ನಂಬರು."

ಅವಳು ನೋಡಿದಳು. ವೆರ್ದಾಲ್. ಬಿಕ್ಕಳಿಕೆ. ಮೂರನೇ ಸಂಪುಟ ಮಾತ್ರ. ಸೀಳದ ಪ್ರತಿ.

ಸಿದೋನಿ ಗಾಸ್ತೋನ್‌ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಸಾಲದೆಂದು ಪಕ್ಕದ ಅಂಗಡಿಯ ಹೆಂಗಸಿಗೂ ಇಟ್ಟಳು. ಮನೆಗೆ ಹೋಗುವ ದಾರಿಯಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ. ಆಲಿವ್ ಕೊಳ್ಳಲು ಹೋಗಿ ಚಿಲ್ಲರೆ ಬಿಟ್ಟು ಬಂದಳು, ಚಿಲ್ಲರೆಗೆಂದು ಹಿಂತಿರುಗಿ ಆಲಿವ್ ಬಿಟ್ಟು ಬಂದಳು.

ಗುರುವಾರ ಹರಾಜಿನ ಕೋಣೆಯಲ್ಲಿ ಮದುವೆಗೆ ಹೊರಟವಳಂತೆ ನೀಲಿ ಟೋಪಿ ಹಾಕಿ ಮುಂದಿನ ಸಾಲಿನಲ್ಲಿ ಕೂತಳು. ಗಾಸ್ತೋನ್ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದ: "ಕಲ್ಲಿನ ಹಾಗೆ ಕೂತಿರು. ಮುಖದಲ್ಲಿ ಆಸೆ ತೋರಿಸಬೇಡ. ನಾನು ಮೊಣಕೈ ತಿವಿದಾಗ ಮಾತ್ರ ಕೈ ಎತ್ತು."

ಎಂಬತ್ತೆಂಟು ಬಂತು. ಸಹಾಯಕ ಬೂದು ಹೊದಿಕೆಯ ಪುಸ್ತಕವನ್ನು ಎತ್ತಿ ಹಿಡಿದ. ಕಲ್ಲಿನ ಹಾಗೆ ಕೂರಬೇಕಾದ ಸಿದೋನಿ "ಓ!" ಎಂದು ಕೂಗಿ ಕೈ ಎತ್ತಿದಳು. ಹಿಂದೆ ಯಾರೋ ಒಬ್ಬ ಬೆಲೆ ಏರಿಸಿ ಕೂಗಿದ. ಅವಳು ಮತ್ತೆ ಎತ್ತಿದಳು. ಅವನು ಸುಮ್ಮನಾದ. ಅವಳು ಮತ್ತೂ ಎತ್ತಿದಳು.

ಹರಾಜು ಕೂಗುವವರು ಕನ್ನಡಕ ಕೆಳಗಿಳಿಸಿ ನೋಡಿದರು. "ಮದಾಮ್, ಈಗ ನಿಮ್ಮ ಎದುರಾಳಿ ನೀವೇ."

"ಬಿಟ್ಟುಕೊಡಲ್ಲ!" ಎಂದಳು ಸಿದೋನಿ.

ಕೋಣೆ ಗೊಳ್ಳೆಂದಿತು. ಹರಾಜು ಕೂಗುವವರು ಸಜ್ಜನರು, ಮೊದಲಿನ ಬೆಲೆಗೇ ಸುತ್ತಿಗೆ ಬಡಿದರು. "ನೀಲಿ ಟೋಪಿಯ ಮದಾಮ್‌ಗೆ!"

ಸಿದೋನಿ ಎದ್ದು ನಿಂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು.

"ಸರ್ಕಾರದ ಹಕ್ಕು. ಗ್ರಂಥಾಲಯಕ್ಕೆ."

ಆ ದೇಶದಲ್ಲಿ ಒಂದು ಕಾನೂನಿದೆ. ಸುತ್ತಿಗೆ ಬಿದ್ದ ಮೇಲೂ ಸರ್ಕಾರದ ಕಡೆಯವರೊಬ್ಬರು ಎದ್ದು ನಿಂತು ಹಾಗೆ ಅಂದರೆ ಆಯಿತು, ಗೆದ್ದವರ ಬೆಲೆಗೇ ಪುಸ್ತಕ ಅವರ ಪಾಲು. ಅದಕ್ಕೆ ಎದುರು ಮಾತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿದೋನಿ ತಿರುಗಿ ನೋಡಿದಳು. ಕಂಬದ ಮರೆಯಲ್ಲಿ ಮೂವತ್ತರ ಒಬ್ಬ ಹುಡುಗಿ, ಕೈಯಲ್ಲಿ ಕಾಗದ, ಮುಖ ಟೊಮೇಟೊದಷ್ಟು ಕೆಂಪು.

ಸಿದೋನಿ ಏನೋ ಹೇಳಲು ಬಾಯಿ ತೆರೆದಳು. ಹೊರಬಂದದ್ದು ಒಂದು ಬಿಕ್ಕಳಿಕೆ.

ಮತ್ತೊಂದು. ಮತ್ತೂ ಒಂದು. ಎಂಥ ಬಿಕ್ಕಳಿಕೆ! ಪ್ರತಿ ಬಿಕ್ಕಿಗೂ ನೀಲಿ ಟೋಪಿ ಒಂದು ಬೆರಳು ಮೇಲೆ ಹಾರುತ್ತಿತ್ತು.

"ಉಸಿರು ಬಿಗಿಹಿಡೀರಿ ಮದಾಮ್!" ಎಂದ ಒಬ್ಬ.

"ಒಂಬತ್ತನೇ... ಹಿಕ್... ಪ್ರಕರಣ. ಫಲಿಸಲಿಲ್ಲ!"

"ಬೆನ್ನಿಗೆ ಬೀಗದ ಕೈ ಹಾಕಿ, ತಣ್ಣಗಿನದು!"

"ಮೂವತ್ತೊಂದು! ಹಿಕ್! ಆ ಮನುಷ್ಯನಿಗೆ ನೆಗಡಿಯೂ ಆಯ್ತು!"

"ಲೋಟದ ಆಚೆ ಅಂಚಿನಿಂದ ನೀರು ಕುಡೀರಿ!"

"ಐವತ್ತರಿಂದ... ಹಿಕ್... ಅರವತ್ನಾಲ್ಕು! ಎಲ್ಲರ ಮೂಗಿಗೂ ನೀರು!"

ಹೆದರಿಸಿದರೆ ನಿಂತೀತೆಂದು ಹರಾಜು ಕೂಗುವವರು ಸುತ್ತಿಗೆಯಿಂದ ಮೇಜಿಗೆ ಧಡ್ ಎಂದು ಹೊಡೆದರು. ಸಿದೋನಿಗೆ ಏನೂ ಆಗಲಿಲ್ಲ. ಮೂರನೇ ಸಾಲಿನಲ್ಲಿದ್ದ ಒಬ್ಬ ದಪ್ಪ ಮನುಷ್ಯನಿಗೆ ಬಿಕ್ಕಳಿಕೆ ಹತ್ತಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿದೋನಿಯೂ ನಕ್ಕಳು. ಅಷ್ಟು ದೊಡ್ಡ ದುಃಖದಲ್ಲಿ ಅಷ್ಟು ನಗು ಎಲ್ಲಿತ್ತೋ, ದೇವರೇ ಬಲ್ಲ. ಗಾಸ್ತೋನ್ ಅವಳನ್ನು ತೋಳು ಹಿಡಿದು ಮೆಟ್ಟಿಲ ಬಳಿ ಕರೆತಂದ.

ಅಲ್ಲಿಗೆ ಆ ಹುಡುಗಿ ಓಡಿ ಬಂದಳು. ಹೆಸರು ಬ್ಲಾಂದಿನ್ ಎಸ್ತೆವ್. ಊರಿನ ಹಳೆಯ ವೈದ್ಯಪುಸ್ತಕಗಳ ಗ್ರಂಥಾಲಯಕ್ಕೆ ಬಂದು ಆರು ತಿಂಗಳಾಗಿತ್ತು.

"ಮದಾಮ್, ಕ್ಷಮಿಸಿ. ಮೇಲಿನವರ ಆದೇಶ. ನೀವು ಇಷ್ಟು ಆಸೆ ಇಟ್ಕೊಂಡಿದ್ದೀರಿ ಅಂತ ನನಗೆ..."

"ಗೊತ್ತಿದ್ರೆ ಬಿಡ್ತಿದ್ದೆಯಾ?" ಗಾಸ್ತೋನ್ ಹುಬ್ಬು ಗಂಟಿಕ್ಕಿದ. "ಕಂಬದ ಹಿಂದೆ ಅವಿತ್ಕೊಂಡು ಮುದುಕಿಯರ ಬಾಯಿಂದ ರೊಟ್ಟಿ ಕಸಿಯೋ ಕೆಲಸ!"

"ಸುಮ್ನಿರು ಗಾಸ್ತೋನ್. ಹಿಕ್. ಮುದುಕಿ ಅಂತ ಯಾರು ಕೇಳಿದ್ರು ನಿನ್ನ?" ಸಿದೋನಿ ಹುಡುಗಿಯ ಕೈ ಹಿಡಿದಳು. "ಒಂದೇ ಮಾತು ಹೇಳು ಮಗಳೇ. ಅದನ್ನ... ಹಿಕ್... ಓದೋಕೆ ಬಿಡ್ತೀರಾ?"

"ಖಂಡಿತ. ಸೋಮವಾರ ಒಂಬತ್ತಕ್ಕೆ ಬನ್ನಿ. ನಾನೇ ಚಾಕು ತಗೊಂಡು ಪುಟ ಎಲ್ಲ ಸೀಳಿ ಇಟ್ಟಿರ್ತೀನಿ."

"ಬೇಡ!" ಎಂದು ಗಾಸ್ತೋನ್ ಮತ್ತು ಸಿದೋನಿ ಒಟ್ಟಿಗೆ ಕೂಗಿದರು. ಬೀದಿಯ ಪಾರಿವಾಳಗಳು ಎದ್ದವು. ಸಿದೋನಿ ಕೈಚೀಲದಿಂದ ಕನ್ನಡಿ ತೆಗೆದು ತೋರಿಸಿದಳು. ಬ್ಲಾಂದಿನ್ ಅದನ್ನು ನೋಡಿದಳು, ಅವಳನ್ನು ನೋಡಿದಳು, ಮತ್ತೆ ಕನ್ನಡಿಯನ್ನು ನೋಡಿದಳು.

"ಎರಡು ಸಂಪುಟ ಪೂರ್ತಿ ಇದರಲ್ಲೇ ಓದಿದ್ರಾ?"

"ಆರು ಸಲ," ಎಂದ ಗಾಸ್ತೋನ್, ತಾನೇ ಓದಿದವನ ಹಾಗೆ ಎದೆಯುಬ್ಬಿಸಿ.

ಶುಕ್ರವಾರ, ಶನಿವಾರ, ಭಾನುವಾರ ಬಿಕ್ಕಳಿಕೆ ಬಂದು ಹೋಗಿ ಮಾಡಿತು. ಪೂಜೆಯಲ್ಲಿ ಎಲ್ಲರೂ ಮೌನವಾಗಿ ತಲೆಬಾಗಿದಾಗ ಹಿಕ್ ಎಂದಿತು. ಪಾದ್ರಿಗಳು ಅದನ್ನೇ ಆಮೆನ್ ಎಂದುಕೊಂಡು ಮುಂದುವರಿದರು. ಸಿದೋನಿಗೆ ನಾಚಿಕೆಯಾಗಲಿಲ್ಲ. ಒಂಬತ್ತು ವರ್ಷ ಹೀಗೆ ಬದುಕಿದವಳ ಹೊಟ್ಟೆ ಎಷ್ಟು ನೋಯುತ್ತಿತ್ತೆಂದು ಈಗ ಗೊತ್ತಾಯಿತು, ಅಷ್ಟೇ. ಆ ಭಾನುವಾರ ಅವಳು ಫಿಲೋಮೆನ್‌ಳ ಹೆಸರು ಹೇಳಿ ಪ್ರಾರ್ಥಿಸಿದಳು. ಸತ್ತು ನೂರು ವರ್ಷ ಮೀರಿದವಳಿಗಾಗಿ, ಅವಳ ಬಾಯಿಂದ ಒಪ್ಪಿಗೆಯ ಮಾತು ಹೊರಬಂದಿರಲಿ ಎಂದು.

ಸೋಮವಾರ ಬೆಳಿಗ್ಗೆ ಕಾಫಿ ಕುಡಿಯದೆ ಹೊರಟಳು. ಪುಟದ ಮೊದಲು ಕಾಫಿಯಿಲ್ಲ. ಪುಟ ಇರುವುದು ಗ್ರಂಥಾಲಯದಲ್ಲಿ. ಅದು ತೆರೆಯುವುದು ಒಂಬತ್ತಕ್ಕೆ. ದಾರಿಯಲ್ಲಿ ತಲೆ ಸುತ್ತುತ್ತಿತ್ತು. ಹಸಿವೋ ಸಂತೋಷವೋ ತಿಳಿಯದು. ಎಂಟೂವರೆಗೇ ಬಾಗಿಲಲ್ಲಿ ನಿಂತು ಕಾವಲುಗಾರನಿಗೆ ನೇಕಾರನ ಕತೆ ಅರ್ಧ ಹೇಳಿ ಮುಗಿಸಿದ್ದಳು.

ಬ್ಲಾಂದಿನ್ ಪುಸ್ತಕವನ್ನು ಎಳೆಗೂಸಿನಂತೆ ಎರಡು ಕೈಯಲ್ಲಿ ತಂದು ಮೆತ್ತೆಯ ಮೇಲೆ ಇಟ್ಟಳು. ಸಿದೋನಿ ಶಿಲುಬೆಯ ಗುರುತು ಮಾಡಿಕೊಂಡಳು. ಕನ್ನಡಿಗೆ ಹಾ ಎಂದಳು, ಒರೆಸಿದಳು. ಮೊದಲ ಪುಟಕ್ಕೆ ಕನ್ನಡಿ ಬೇಕಿರಲಿಲ್ಲ, ಆದರೂ ಕೈಯಲ್ಲಿ ಹಿಡಿದೇ ಓದಿದಳು. ಎರಡನೇ ಸಂಪುಟದಲ್ಲಿ 'ಆಗ' ಎಂದು ನಿಂತ ಡಾಕ್ಟರ್ ವೆರ್ದಾಲ್ ಇಲ್ಲಿ ಹೀಗೆ ಮುಂದುವರಿಸಿದ್ದ:

'ಏನಾಯಿತೆಂಬುದನ್ನು ತಾಳ್ಮೆಯುಳ್ಳ ವಾಚಕರು ಈ ಸಂಪುಟದ ಕಟ್ಟಕಡೆಯ ಪುಟದಲ್ಲಿ ನೋಡತಕ್ಕದ್ದು. ಅದಕ್ಕೆ ಮೊದಲು, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯೆಂಬ ಸ್ನಾಯುವಿನ ವಿಷಯದಲ್ಲಿ ನಾಲ್ಕು ಮಾತು ಹೇಳುವುದು ಅವಶ್ಯ.'

ಸಂಪುಟದಲ್ಲಿ ನಾನೂರ ಮೂವತ್ತೊಂದು ಪುಟಗಳಿದ್ದವು.

ಸಿದೋನಿ ಆ ಸಾಲನ್ನು ಮತ್ತೆ ಓದಿದಳು. ಮೊದಲು ಭುಜ ಕುಣಿಯಿತು. ಆಮೇಲೆ ಟೋಪಿ ಕುಣಿಯಿತು. ಆಮೇಲೆ ಅವಳು ಮೇಜಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಾಲ್ಕು ಮಾತಂತೆ! ನೋಡು ಮಗಳೇ, ನೋಡು ಈ ಪುಣ್ಯಾತ್ಮನ್ನ! ಕತ್ತೆ ಮೇಲೆ ಕೂತೇ ಬರೆದಿರ್ಬೇಕು!" ಬ್ಲಾಂದಿನ್ ಬಗ್ಗಿ ಓದಿ ತಾನೂ ಬಾಯಿ ಮುಚ್ಚಿಕೊಂಡಳು. ಓದುವ ಕೋಣೆಯಲ್ಲಿ ಇಬ್ಬರು ಪ್ರೊಫೆಸರರು "ಶ್!" ಎಂದರು. ಅದಕ್ಕೆ ಇನ್ನಷ್ಟು ನಗು ಬಂತು.

ನಗು ಇಳಿದಾಗ ಸುತ್ತ ಏನೋ ನಿಶ್ಶಬ್ದ ಅನ್ನಿಸಿತು. ಸಿದೋನಿ ಎದೆಯ ಕೆಳಗೆ ಕೈಯಿಟ್ಟು ಕಾದಳು. ಏನೂ ಬರಲಿಲ್ಲ. ನಾಲ್ಕು ದಿನದ ಬಿಕ್ಕಳಿಕೆ ಎತ್ತಲೋ ಹೋಗಿತ್ತು.

"ನಿಂತೋಯ್ತು," ಎಂದಳು ಮೆಲ್ಲಗೆ. "ಈ ಔಷಧಿ ಅವನ ಪಟ್ಟೀಲಿ ಇಲ್ಲ."

ಬ್ಲಾಂದಿನ್ ಸುತ್ತಮುತ್ತ ನೋಡಿ ಅವಳ ಕಿವಿಯ ಹತ್ತಿರ ಬಗ್ಗಿದಳು. ಗುರುವಾರದಿಂದ ಅವಳಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ.

"ಮದಾಮ್, ಒಂದು ಮಾತು. ಕೊನೇ ಪುಟ ಮಡಿಕೆಯ ಹೊರಗಡೆ ಇದೆ. ಸೀಳೋದೂ ಬೇಡ, ಕನ್ನಡಿಯೂ ಬೇಡ. ಪುಸ್ತಕ ಬೋರಲು ಹಾಕಿದ್ರೆ ಸಾಕು. ನಿಮಗೆ ಮನಸ್ಸು ಬಾರದಿದ್ರೆ ನಾನೇ ನೋಡಿ ಹೇಳ್ತೀನಿ. ಹನ್ನೊಂದು ವರ್ಷ ಕಾದಿದ್ದೀರಿ. ನನ್ನಿಂದ ಇಷ್ಟಾದರೂ ಆಗಲಿ."

ಅವಳ ಕೈ ಆಗಲೇ ಪುಸ್ತಕದ ಕೆಳಗೆ ಹೋಗಿತ್ತು. ಸಿದೋನಿ ಅದನ್ನು ಕಂಡಳು. ಬರಿಯ ಒಂದು ಹೊರಳು. ಫಿಲೋಮೆನ್ ಅಲ್ಲೇ ಇದ್ದಾಳೆ, ಎರಡು ಬೆರಳು ದಪ್ಪದ ಕಾಗದದ ಆಚೆ, ತೆರೆದ ಬಾಯಿಯಲ್ಲಿ ಉತ್ತರ ಇಟ್ಟುಕೊಂಡು. ಸಿದೋನಿಯ ಬೆರಳುಗಳು ತಾವಾಗಿಯೇ ಹೊದಿಕೆಯ ಅಂಚು ಮುಟ್ಟಿದವು.

ಆಮೇಲೆ ಅವಳು ಅಂಗೈಯನ್ನು ಅಗಲಿಸಿ ಪುಸ್ತಕದ ಮೇಲೆ ಒತ್ತಿ ಇಟ್ಟಳು.

"ಬೇಡ ಮಗಳೇ."

"ದಿನಕ್ಕೊಂದು ಪುಟ ಅಂದ್ರೆ, ಇಲ್ಲಿ ಭಾನುವಾರ ರಜೆ, ಹಬ್ಬಕ್ಕೆ ರಜೆ... ಒಂದೂವರೆ ವರ್ಷ ಆಗುತ್ತೆ ಮದಾಮ್!"

"ಆಗ್ಲಿ. ರಜೆ ದಿನಕ್ಕೆ ಮನೇಲಿ ಮೊದಲನೇ ಸಂಪುಟ ಇದೆ. ಉಸಿರು ಕೊಟ್ಟವನು ಪುಟ ಎಣಿಸಿಯೇ ಕೊಟ್ಟಿರ್ತಾನೆ." ಅವಳು ಬ್ಲಾಂದಿನ್‌ಳ ಕೈಯನ್ನು ಪುಸ್ತಕದ ಕೆಳಗಿನಿಂದ ಮೆಲ್ಲಗೆ ಬಿಡಿಸಿದಳು. "ಪಾಪ, ಈ ಮನುಷ್ಯನಿಗೆ ವಪೆ ಬಗ್ಗೆ ಹೇಳೋದಿದೆ. ಇಷ್ಟು ವರ್ಷ ಯಾರೂ ಕೇಳಿಲ್ಲ. ನಾನು ಕೇಳ್ತೀನಿ. ನೀನು ಮಾತ್ರ ಆ ಕೊನೇ ಪುಟ ನೋಡ್ಬೇಡ, ಆಣೆ ಮಾಡು. ನೋಡಿದ್ರೆ ನಿನ್ನ ಮುಖದಲ್ಲೇ ನನಗೆ ಗೊತ್ತಾಗಿಬಿಡುತ್ತೆ."